ಅಪ್ಪನ ಆಂಪ್ಲಿಫಯರ್‌ನ ‘ಸ್ಸ್’

ಹೆಡ್‌ಫೋನನ್ನು ಆಂಪ್ಲಿಫಯರ್‌ಗೆ ಸಿಕ್ಕಿಸಿದಾಗ ಹಾಡಿಗೂ ಮೊದಲು ಕೇಳುವ ಸಣ್ಣ ‘ಸ್ಸ್’ ಸದ್ದು ಈಗಲೂ ನನ್ನನ್ನು ಕ್ಲೆಮೆಂಟಿ ಬಡಾವಣೆಯ ನಮ್ಮ ಮನೆಯ ಒಂದು ಭಾನುವಾರ ಮಧ್ಯಾಹ್ನಕ್ಕೆ ಎಳೆದೊಯ್ಯುತ್ತದೆ.

ಆಗ ನಾನು ಒಂಬತ್ತು ವರ್ಷದ ಕಪಿ. ಎಂಆರ್‌ಟಿ ರೈಲಿನ ಬಾಗಿಲಿನ ಬೀಪ್, ಫೋನಿನಲ್ಲಿ ಅಮ್ಮನ ನಗು, ನನ್ನದೇ ಅಳು, ಎಲ್ಲವನ್ನೂ ಅಣಕಿಸುತ್ತಿದ್ದೆ. ಹೆಡ್‌ಫೋನಿನ ಆ ‘ಸ್ಸ್’ ಹೋಗಲಾಡಿಸಲು ಅಪ್ಪ ವಾರಗಟ್ಟಲೆ ಒದ್ದಾಡಿದ್ದರು. ಕೇಬಲ್ ಬದಲಾಯಿಸಿದರು, ಫ್ಯಾನ್ ಆರಿಸಿ ನೋಡಿದರು. ಆ ದಿನ ಬೇಸತ್ತು ಆಂಪ್ಲಿಫಯರ್‌ನ ಪ್ಲಗ್ಗನ್ನೇ ಕಿತ್ತು, ಹೆಡ್‌ಫೋನ್ ತೆಗೆದು ಸೋಫಾ ಮೇಲಿಟ್ಟರು.

ತಕ್ಷಣ ನನ್ನ ಕಡೆ ತಿರುಗಿದರು. “ಲೋ, ಸಾಕು ನಿನ್ನ ಮಿಮಿಕ್ರಿ. ಸ್ಸ್ ಅನ್ಬೇಡ.”

ನನ್ನ ಬಾಯಿ ತುಂಬ ಚಕ್ಕುಲಿಯಿತ್ತು. “ನಾನಲ್ಲಪ್ಪಾ, ಪ್ರಾಮಿಸ್ ಲಾ!” ಎಂದೆ, ಅಲ್ಲಿನ ಶಾಲೆಯ ಗೆಳೆಯರ ಧಾಟಿಯಲ್ಲಿ.

“ಮತ್ಯಾರೋ? ಪ್ಲಗ್ ಕಿತ್ತಿದೀನಲ್ಲ!”

ಅಪ್ಪ ಕಿವಿಗೆ ಬೆರಳಿಟ್ಟು ತೆಗೆದರು. ಮತ್ತೆ ಇಟ್ಟರು. ನನಗಂತೂ ಯಾವ ಸದ್ದೂ ಕೇಳುತ್ತಿರಲಿಲ್ಲ. ಅವರ ಮುಖ ನೋಡಿ ನನಗೆ ಹೆದರಿಕೆಯಾಯಿತು. ಚಕ್ಕುಲಿ ನುಂಗಿ, “ಸಾರಿ ಅಪ್ಪ, ನಾನೇ ಮಾಡಿದ್ದು,” ಎಂದು ಹಲ್ಲು ಕಚ್ಚಿ ಜೋರಾಗಿ ‘ಸ್ಸ್’ ಎಂದೆ.

“ಕಳ್ಳ!” ಅಪ್ಪ ನಕ್ಕುಬಿಟ್ಟರು. ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದ ಅಮ್ಮ ನಗಲಿಲ್ಲ.

“ಇನ್ನೊಂದ್ಸಲ ಮಾಡೋ,” ಎಂದರು ಅಪ್ಪ.

ಮಾಡಿದೆ. ಉಸಿರು ಮುಗಿಯುತ್ತ ಬಂದರೂ, ನಾನು ನಿಲ್ಲಿಸಿದ ಮೇಲೂ ಅಪ್ಪನಿಗೆ ಅದು ಕೇಳಿಸಿದರೆ ಎಂದು ನಿಲ್ಲಿಸಲು ಧೈರ್ಯವಾಗಲಿಲ್ಲ.