ಯೂರ್ಗ್‌ಗೆ ಏರದ ಮದ್ದು

ವ್ರೇನಿಗೆ ಮದ್ದು ಏರಿತು. ಗಂಡ ಯೂರ್ಗ್‌ಗೆ ಏರಲಿಲ್ಲ. ಬಾಸೆಲ್‌ನ ಡಾಕ್ಟರ್ ಶೌಬ್ ಇಬ್ಬರಿಗೂ ಒಂದೇ ಅಳತೆಯ ಕ್ಯಾಪ್ಸೂಲ್ ಕೊಟ್ಟಿದ್ದರು. ಮನಸ್ಸಿನ ಬಿಗಿ ಸಡಿಲಿಸಿ ಪ್ರೀತಿ ಉಕ್ಕಿಸುವ ಉತ್ತೇಜಕ ಅದು, ಸರ್ಕಾರದ ಅಪ್ಪಣೆ ಪಡೆದು ತರಿಸಿದ್ದು. ವ್ರೇನಿ ಕಂಬಳಿಯನ್ನು ಸವರುತ್ತ, ಕಿಟಕಿಯಾಚೆ ಹೋಗುವ ಟ್ರಾಮನ್ನು ಕಂಡೂ ಕಣ್ಣೀರಾಗುತ್ತಿದ್ದಳು. ಯೂರ್ಗ್ ಮಾತ್ರ ಹಲ್ಲಿನ ಡಾಕ್ಟರ ಬಳಿ ಸರದಿಗೆ ಕಾದವನಂತೆ ಕುಳಿತಿದ್ದ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಗಿತ್ತು.

“ಏನಾದ್ರೂ ಅನ್ನಿಸ್ತಿದ್ಯಾ?” ಡಾಕ್ಟರ್ ಕೇಳಿದರು.

“ಬಾಯಿ ಒಣಗ್ತಿದೆ, ಅಷ್ಟೇ.” ಅವನು ಹೆಂಡತಿಯ ಕಡೆ ನೋಡಿದ. “ಇದೇ ಕೊನೇ ಪ್ರಯತ್ನ ಅಂತ ಮಾತಾಗಿತ್ತಲ್ಲ, ವ್ರೇನಿ. ಮದ್ದು ಹಾಕಿದ್ರೂ ಉಕ್ಕಲಿಲ್ಲ ಅಂದ್ರೆ ನನ್ನೊಳಗೆ ಏನೂ ಉಳಿದಿಲ್ಲ. ನಾಳೆ ಡೈವೋರ್ಸಿಗೆ ವಕೀಲರ ಹತ್ರ ಹೋಗೋಣ.” ಹೇಳುವಾಗ ಅವನಿಗೇ ತನ್ನ ಮೇಲೆ ಅಸಹ್ಯವಾಯಿತು.

ವ್ರೇನಿ ಅವನ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು. ಬೇರೆ ದಿನವಾಗಿದ್ದರೆ ಸತ್ತರೂ ಬಾಯಿ ಬಿಡುತ್ತಿರಲಿಲ್ಲ. “ಅಯ್ಯೋ ಪೆದ್ದಾ, ನಿನ್ನ ಖಿನ್ನತೆಯ ಮಾತ್ರೆ ನಿಂತೇ ಇಲ್ಲ! ಬಿಸಾಕು ಅಂತ ನನ್ನ ಕೈಗೆ ಕೊಟ್ಟಿದ್ಯಲ್ಲ, ಅದನ್ನೇ ದಿನಾ ಬೆಳಿಗ್ಗೆ ಅರೆದು ನಿನ್ನ ತಿಂಡಿಯ ಮ್ಯೂಸ್ಲಿಗೆ ಬೆರೆಸ್ತಿದ್ದೆ.”

ಡಾಕ್ಟರ್ ಎದ್ದು ನಿಂತರು. “ಆ ಮಾತ್ರೆ ಒಳಗಿದ್ರೆ ಈ ಮದ್ದಿಗೆ ಮಿದುಳಲ್ಲಿ ಬಾಗಿಲೇ ತೆರೆಯಲ್ಲ ಅಂತ ನೂರು ಸಲ ಬಡ್ಕೊಂಡಿದ್ದೆ! ವಾರಗಟ್ಟಲೆ ಮೊದಲೇ ಬಿಡಿ ಅಂದಿದ್ದೆ!” ಎಂದು ಸಿಡುಕುತ್ತಲೇ ಯೂರ್ಗ್‌ನ ತೋಳಿಗೆ ರಕ್ತದೊತ್ತಡದ ಪಟ್ಟಿ ಸುತ್ತಿದರು.

ಯೂರ್ಗ್‌ಗೆ ದಿಕ್ಕೇ ತೋಚಲಿಲ್ಲ. ಮಾತ್ರೆಯಿಲ್ಲದೆ ನಗುನಗುತ್ತ ಬದುಕಿದ್ದೇನೆ ಎಂದು ಗೆಳೆಯರ ಮುಂದೆ ಎದೆಯುಬ್ಬಿಸಿದ್ದ, ಅದು ಸುಳ್ಳಾಯಿತು. ಪ್ರೀತಿ ಸತ್ತಿದೆ ಎಂದುಕೊಂಡಿದ್ದ. ಈಗ ಅದೂ ಖಾತ್ರಿಯಿಲ್ಲ. ಜಗಳಕ್ಕಿಳಿಯೋಣವೆಂದರೆ ಮದ್ದು ಇಳಿಯುವ ಸಂಜೆಯವರೆಗೂ ಅವಳಿಗೆ ಸಿಟ್ಟೇ ಬರುವಂತಿರಲಿಲ್ಲ.

“ಯಾಕೆ ಹೀಗ್ಮಾಡ್ದೆ?”

“ಹೋದ ಸಲ ಮಾತ್ರೆ ಬಿಟ್ಟಾಗ ರೈನ್ ನದಿ ಸೇತುವೆ ಮೇಲಿಂದ ಪೊಲೀಸ್ರು ನಿನ್ನ ಕರ್ಕೊಂಡ್ ಬಂದ್ರಲ್ಲ. ನಿಂಗೆ ನಾನು ಬೇಡವಾದ್ರೂ ಆಗ್ಲಿ, ನೀನಿರ್ಬೇಕು ಕಣೋ.”

ಯೂರ್ಗ್ ಡಾಕ್ಟರ ಕಡೆ ತಿರುಗಿದ. “ಇದು ಇವಳ ಮಾತಾ ಡಾಕ್ಟ್ರೇ, ಇಲ್ಲಾ ಕ್ಯಾಪ್ಸೂಲ್ ಆಡಿಸ್ತಿರೋದಾ?”

“ಈಗಿನ ಮಾತಿಗೆ ನಾನು ಜವಾಬ್ದಾರಿ ತಗೊಳ್ಳಲ್ಲ,” ಡಾಕ್ಟರ್ ತೋಳಿನ ಪಟ್ಟಿ ಬಿಚ್ಚುತ್ತ ಹೇಳಿದರು. “ಆದ್ರೆ ದಿನಾ ಬೆಳಿಗ್ಗೆ ಆ ಮಾತ್ರೆ ಅರೆಯುವಾಗ ಇವರು ಯಾವ ಕ್ಯಾಪ್ಸೂಲೂ ನುಂಗಿರಲಿಲ್ಲ.”