ಪಳಗಿದ ಸ್ಪೀಕರು

ಹೊಸ ಮರದ ಪಾಲಿಶ್ ವಾಸನೆ ಬಂದರೆ ನನಗೆ ಈಗಲೂ ಬೆಂಗಳೂರಿನ ಹತ್ತಿರದ ವಿಜಯಪುರದ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ. ಅಪ್ಪ ಬೆಂಗಳೂರಿನಿಂದ ಮರದ ಪೆಟ್ಟಿಗೆಯ ಬ್ಯಾಟರಿ ರೇಡಿಯೊ ತಂದಿದ್ದರು. ಅದರ ಹೊಸ ಸ್ಪೀಕರಿನ ದನಿ ಮಾತ್ರ ನೆಗಡಿಯಾದವರ ದನಿಯಂತೆ ಗೊರಗೊರ ಎನ್ನುತ್ತಿತ್ತು.

"ಹೊಸ ಮೆಟ್ಟು ಕಾಲು ಕಚ್ಚಲ್ವಾ? ಇದೂ ಹಂಗೇ ಕಣವ್ವ. ದಿನಾ ಹಾಡಿಸ್ತಿದ್ರೆ ಪಳಗ್ತೈತೆ," ಎಂದು ತಾತ ನನಗೆ ಹೇಳಿದ್ದರು. ಹಾಗಾಗಿ ದಿನವೂ ಊಟವಾದ ಮೇಲೆ ಅದನ್ನು ಹಾಡಲು ಬಿಟ್ಟು ನಾವಿಬ್ಬರೂ ಮುಂದೆ ಕೂರುತ್ತಿದ್ದೆವು.

ಅಪ್ಪನ ತಂಗಿ, ನನ್ನ ಅತ್ತೆ, ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದಿದ್ದಳು. ಬಂದಾಗಿನಿಂದ ಒಳಕೋಣೆ ಬಿಟ್ಟು ಪಡಸಾಲೆಗೆ ಕಾಲಿಟ್ಟಿರಲಿಲ್ಲ, ಯಾರೊಂದಿಗೂ ಮಾತಿರಲಿಲ್ಲ. ಆ ಮಧ್ಯಾಹ್ನ ರೇಡಿಯೊದಲ್ಲಿ ಯಾರೋ ಹೆಂಗಸು ಹಾಡುತ್ತಿದ್ದಾಗ ಅತ್ತೆ ಮೆಲ್ಲಗೆ ಹೊರಗೆ ಬಂದು, ಸ್ಪೀಕರಿಗೆ ಹೊದಿಸಿದ್ದ ಒರಟು ಬಟ್ಟೆಯ ಮೇಲೆ ಅಂಗೈ ಇಟ್ಟಳು.

"ಅಪ್ಪಾ, ಇವತ್ತು ಗಂಟ್ಲು ಬಿಟ್ಟೈತೆ ನೋಡು," ಎಂದು ತಾತನಿಗೆ ಹೇಳಿದಳು.

ತಾತ ಅಚ್ಚರಿ ತೋರಿಸಲಿಲ್ಲ. "ಹೂಂ ಕಣವ್ವ, ಕೂತ್ಕೋ," ಎಂದು ಚಾಪೆಯ ಮೇಲೆ ಸರಿದು ಜಾಗ ಬಿಟ್ಟರು. ಅತ್ತೆ ನನ್ನನ್ನು ತೊಡೆಯ ಮೇಲೆ ಎಳೆದುಕೊಂಡು ಕೂತಳು; ಹಾಡು ಮುಗಿದು ಸುದ್ದಿ ಶುರುವಾದರೂ ಏಳಲಿಲ್ಲ.

ಅಂದಿನವರೆಗೆ ಅವಳ ತಟ್ಟೆಯನ್ನು ಒಳಕೋಣೆಗೆ ಒಯ್ಯುತ್ತಿದ್ದ ಅಮ್ಮ, ಆ ಸಂಜೆ ಏನೂ ಕೇಳದೆ ಅದನ್ನು ನಮ್ಮ ಸಾಲಿನಲ್ಲೇ ಇಟ್ಟಳು.