ಎರಡು ಹನಿ ಎಣ್ಣೆ

ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ ಒಳಗೆ ಕೈಯಿಟ್ಟ ಗಜಾಲಾಳ ಬೆರಳಿಗೆ ಎಣ್ಣೆ ತಾಗಿತು. ಬೆರಳನ್ನು ಮೂಗಿನ ಹತ್ತಿರ ಹಿಡಿದಳು. ಹೊಲಿಗೆ ಮಷಿನ್ನಿನ ಎಣ್ಣೆ. ಎದುರಿಗೆ ಕುಳಿತು ಬ್ಲೌಸಿಗೆ ಹುಕ್ಕು ಹಾಕುತ್ತಿದ್ದ ನಾಗಲಕ್ಷ್ಮಿಯ ಸೂಜಿ ಅಲ್ಲೇ ನಿಂತಿತು.

ಆರ್.ಟಿ. ನಗರದ ಆ ಅಂಗಡಿ ಇಬ್ಬರಿಗೂ ಸೇರಿದ್ದು. ನಾಗಲಕ್ಷ್ಮಿಯದು ಹೊಲಿಗೆ, ಗಜಾಲಾಳದು ಕಂಪ್ಯೂಟರ್ ಎಂಬ್ರಾಯ್ಡರಿ. ಕೆಲವು ದಿನಗಳಿಂದ ಕಂಪ್ಯೂಟರಿನ ಹೊಟ್ಟೆಯೊಳಗೆ ಟಕ್ ಟಕ್ ಅನ್ನುತ್ತಿತ್ತು. ಆ ದಿನ ಬೆಳಿಗ್ಗೆ ಬಾಗಿಲು ತೆಗೆದವಳು ನಾಗಲಕ್ಷ್ಮಿ. ಸದ್ದು ಮಾಡುವ ಯಂತ್ರ ಕಂಡರೆ ಅವಳ ಕೈ ತಾನಾಗಿ ಎಣ್ಣೆ ಡಬ್ಬಿಗೆ ಹೋಗುತ್ತದೆ. ತಗಡು ಸರಿಸಿ ನೋಡಿದಳು. ಸದ್ದು ಬರುತ್ತಿದ್ದ ಹಾರ್ಡ್ ಡಿಸ್ಕಿನ ಮೇಲೆ ಸಣ್ಣದೊಂದು ತೂತು ಕಂಡಿತು. ಎಣ್ಣೆಗಲ್ಲದೆ ಇನ್ಯಾತಕ್ಕೆ ಈ ತೂತು ಎಂದು ಎರಡು ಹನಿ ಬಿಟ್ಟಿದ್ದಳು. ಆಮೇಲೆ ಗಜಾಲಾ ಬಂದು ಸ್ವಿಚ್ ಹಾಕಿದಾಗ ಕಂಪ್ಯೂಟರ್ ಶುರುವಾಯಿತು, ಆದರೆ ಡಿಸೈನುಗಳೆಲ್ಲ ಇದ್ದ ಆ ಡಿಸ್ಕು ಕಾಣಿಸಲೇ ಇಲ್ಲ.

ಮದುಮಗ ಅದರೊಳಗೆ ಸಿಕ್ಕಿಕೊಂಡಿದ್ದ. ಶಶಿರೇಖಾ ಅವರ ಮಗಳ ಧಾರೆ ಬ್ಲೌಸಿನ ಎಡತೋಳಿನಲ್ಲಿ ಪಲ್ಲಕ್ಕಿ ಏರಿದ ಮದುಮಗಳು ಆಗಲೇ ಬಂದು ಕೂತಿದ್ದಳು. ಬಲತೋಳಿಗೆ ಕುದುರೆ ಏರಿದ ಮದುಮಗ ಬರಬೇಕು. ಗಜಾಲಾ ಕಣ್ಣು ನೋಯಿಸಿಕೊಂಡು ವಾರವೆಲ್ಲ ಬರೆದ ಡಿಸೈನು ಅದು, ಬೇರೆಲ್ಲೂ ಇಲ್ಲ. ನಾಳೆ ಚಪ್ಪರ. ಶಶಿರೇಖಾ ಬ್ಲೌಸಿಗಾಗಿ ಬಂದವರು ಸ್ಟೂಲು ಬಿಟ್ಟು ಏಳಲಿಲ್ಲ.

"ಏನಮ್ಮಾ ಇದು, ಮೊನ್ನೆ ಚೆನ್ನಾಗೇ ಇತ್ತಲ್ಲ? ಯಾರಾದ್ರೂ ಕೈಯಾಡಿಸಿದ್ರಾ?"

ಗಜಾಲಾ ಬೆರಳನ್ನು ಬಟ್ಟೆಚೂರಿಗೆ ಒರೆಸಿಕೊಂಡಳು. ನಾಗಲಕ್ಷ್ಮಿಯ ಕಡೆ ತಿರುಗಲೂ ಇಲ್ಲ. "ಯಾರೂ ಇಲ್ಲ ಮೇಡಂ. ಡಿಸ್ಕಿಗೆ ವಯಸ್ಸಾಗಿತ್ತು, ಅಷ್ಟೇ."

ಸದ್ದು ಶುರುವಾದಾಗಲೇ ತರಿಸಿದ್ದ ಹೊಸ ಡ್ರೈವ್ ಮದುವೆ ಸೀಸನ್ನಿನ ಗಡಿಬಿಡಿಯಲ್ಲಿ ಡಬ್ಬಿಯಲ್ಲೇ ಉಳಿದಿತ್ತು. ಗಜಾಲಾ ಅದನ್ನು ತೆಗೆದಳು. ಇಸ್ಪೀಟಿನ ಕಟ್ಟಿಗಿಂತ ತೆಳ್ಳಗಿತ್ತು. ಕಂಪ್ಯೂಟರಿನ ಪ್ಲಗ್ ಕಿತ್ತಳು. ತನ್ನ ಜಾರ್ಜೆಟ್ ದುಪಟ್ಟಾ ತೆಗೆದು, ಬ್ಲೌಸು ತೊಡಿಸಿಡುವ ಬೊಂಬೆಯ ಹೆಗಲಿಗೆ ಹಾಕಿದಳು. ಇಂಥ ಬಟ್ಟೆಯ ಚಿಟ್ ಅನ್ನುವ ಕರೆಂಟಿಗೇ ಹೊಸದು ಹೋಗಿಬಿಡಬಹುದು ಎಂದು ಮೊದಲು ಕಂಪ್ಯೂಟರ್ ಪೆಟ್ಟಿಗೆಯ ಕಬ್ಬಿಣ ಮುಟ್ಟಿ ಆಮೇಲೆ ಕೈ ಒಳಗಿಟ್ಟಳು. ಹಳೆ ಡಿಸ್ಕಿನ ವೈರುಗಳಿಗೆ ಗುರುತಿಗೆಂದು ಕೆಂಪು ದಾರ ಕಟ್ಟಿ, ಅವುಗಳ ತಲೆ ಹಿಡಿದು ಮೆಲ್ಲಗೆ ಬಿಡಿಸಿದಳು.

"ಹೊಸದು ಆಮೇಲೆ ಹಾಕ್ಕೊಳ್ಳೇ ತಾಯಿ, ಮೊದ್ಲು ನಮ್ ಅಳಿಯನ್ನ ಈಚೆಗೆ ತೆಗಿ!" ಎಂದರು ಶಶಿರೇಖಾ.

"ಹಳೇದು ಎದ್ರೆ ಒಂದೇ ಸಲ ಏಳೋದು ಮೇಡಂ. ಆಗ ಇಳಿಸ್ಕೊಳ್ಳೋಕೆ ಜಾಗ ರೆಡಿ ಇಲ್ಲ ಅಂದ್ರೆ ಅಳಿಯಂದ್ರು ಕುದುರೆ ಮೇಲೇ ಇರ್ಬೇಕಾಗುತ್ತೆ."

ಶಶಿರೇಖಾ ನಗಬಾರದು ಅಂದುಕೊಂಡೇ ನಕ್ಕರು. ನಾಗಲಕ್ಷ್ಮಿಗೆ ನಗು ಬರಲಿಲ್ಲ. ಅವಳು ಗಜಾಲಾಳ ಕೈಗಳನ್ನೇ ನೋಡುತ್ತಿದ್ದಳು. ಸ್ಕ್ರೂಗಳನ್ನು ಒಮ್ಮೆಗೇ ಬಿಗಿಯಲಿಲ್ಲ ಹುಡುಗಿ. ಎಲ್ಲವನ್ನೂ ಸಡಿಲವಾಗಿ ಕೂರಿಸಿ, ಡ್ರೈವ್ ನೇರಕ್ಕೆ ಬಂದ ಮೇಲೆ ಬಿಗಿದಳು. ಒಳ್ಳೆ ಟೈಲರು ಮೊದಲು ಕಚ್ಚಾ ಹೊಲಿಗೆ ಹಾಕಿ ನೋಡುವ ಹಾಗೆ. ವೈರಿನ ತಲೆ ಒಂದು ಮಗ್ಗುಲಿಗೆ ಒಪ್ಪದಾಗ ಒತ್ತಲಿಲ್ಲ, ತಿರುಗಿಸಿ ಹಿಡಿದಳು, ಕೂತಿತು. ಹಳೇದನ್ನು ಹೊರಗೇ ಇಟ್ಟು ಹೊಸದೊಂದನ್ನೇ ಮೊದಲು ಅಣಿ ಮಾಡಿದಳು. "ಎರಡೂ ಇದ್ರೆ ಅರ್ಜೆಂಟಲ್ಲಿ ಹೊಸದ್ರ ಬದ್ಲು ಹಳೇದನ್ನೇ ಅಳಿಸ್ಬಿಡ್ತೀನಿ," ಎಂದು ತನಗೆ ತಾನೇ ಹೇಳಿಕೊಂಡಳು.

ಆಮೇಲೆ ಎಲ್ಲ ಆರಿಸಿ, ಹಳೆ ಡಿಸ್ಕಿನ ತೂತಿನ ಸುತ್ತ ಇದ್ದ ಎಣ್ಣೆಯನ್ನು ಹತ್ತಿಬಟ್ಟೆಯಲ್ಲಿ ಒತ್ತಿ ಒತ್ತಿ ತೆಗೆದಳು. ಶಶಿರೇಖಾಗೆ ಕಾಣದ ಹಾಗೆ ಬೆನ್ನು ಮಾಡಿ ನಿಂತೇ. ಕೆಂಪು ದಾರದ ವೈರುಗಳನ್ನು ಮತ್ತೆ ಚುಚ್ಚಿದಳು.

"ಅಕ್ಕಾ, ಇಲ್ಲಿ ಬನ್ನಿ. ನಿಮ್ ಕಿವಿ ಬೇಕು. ಕೆಟ್ಟ ಸದ್ದು ಬಂದ ಕೂಡ್ಲೇ ಹೇಳಿ, ನಿಲ್ಲಿಸ್ತೀನಿ."

ನಾಗಲಕ್ಷ್ಮಿ ನೆಲದಲ್ಲಿ ಮಂಡಿಯೂರಿ ಡಿಸ್ಕಿನ ಹತ್ತಿರ ಕಿವಿ ತಂದಳು. ಟಕ್. ಟಕ್. ಮನೆದೇವರನ್ನು ನೆನೆದಳು. ಆಮೇಲೆ ಬಾಬಿನ್ ತಿರುಗಿದಂಥ ಸಣ್ಣ ಗುಂಯ್.

"ತಿರುಗ್ತಾ ಇದೆ ಕಣೇ!"

ಗಜಾಲಾ ಉಳಿದದ್ದೆಲ್ಲ ಬಿಟ್ಟು ಮದುಮಗನೊಬ್ಬನನ್ನೇ ಹುಡುಕಿ ಹೊಸ ಡ್ರೈವಿಗೆ ಇಳಿಸಿಕೊಂಡಳು. ಆಮೇಲೆ ಇತ್ತೀಚಿನವು, ಆಮೇಲೆ ಹಳೆಯವು.

"ಬಂದ್ನಾ?" ಶಶಿರೇಖಾ ಸ್ಟೂಲಿನಿಂದ ಎದ್ದೇಬಿಟ್ಟಿದ್ದರು.

"ಬಂದ್ರು ಮೇಡಂ. ಕುದುರೆ ಸಮೇತ."

"ನಿಲ್ಸು ನಿಲ್ಸು, ಕಿರ್ ಅಂತಿದೆ," ಎಂದಳು ನಾಗಲಕ್ಷ್ಮಿ. ಗಜಾಲಾ ನಿಲ್ಲಿಸಿದಳು. ಡಿಸ್ಕು ಮತ್ತೆ ಏಳಲಿಲ್ಲ. ಅವಳು ಮೊದಮೊದಲು ಬರೆದ ಬಳ್ಳಿ, ಹೂವು, ಮಾವಿನಕಾಯಿಗಳೆಲ್ಲ ಅದರೊಳಗೇ ಉಳಿದವು. ಒಂದು ಗಳಿಗೆ ಆ ಕಬ್ಬಿಣದ ತುಂಡನ್ನು ಕೈಯಲ್ಲಿ ಹಿಡಿದುಕೊಂಡಿದ್ದು ಡ್ರಾಯರಿಗೆ ಹಾಕಿದಳು.

ಸಂಜೆ ಬರುತ್ತೇನೆಂದು ಶಶಿರೇಖಾ ಮೆಟ್ಟಿಲಿಳಿದದ್ದೇ ತಡ, ನಾಗಲಕ್ಷ್ಮಿ ಗಜಾಲಾಳ ಪಕ್ಕಕ್ಕೆ ಬಂದಳು. "ಗಜಾಲಾ, ಬೆಳಿಗ್ಗೆ ನಾನು..."

ಗಜಾಲಾ ಬಲತೋಳಿನ ಬಟ್ಟೆಯನ್ನು ಎಂಬ್ರಾಯ್ಡರಿ ಮಷಿನ್ನಿನ ಚೌಕಟ್ಟಿಗೆ ಬಿಗಿಯುತ್ತಿದ್ದಳು. ತಲೆ ಎತ್ತದೆ, ಎಣ್ಣೆ ಡಬ್ಬಿಯನ್ನು ಮೇಜಿನ ಮೇಲೆ ಈಚೆಗೆ ಸರಿಸಿದಳು.

"ಅಕ್ಕಾ, ಮಷಿನ್ ಯಾಕೋ ಬಿಗಿಯಾಗಿದೆ. ಎರಡು ಹನಿ ಬಿಡ್ತೀರಾ? ಇದಕ್ಕೆ ನಿಮ್ ಕೈನೇ ಆಗ್ಬೇಕು."

ನಾಗಲಕ್ಷ್ಮಿ ಬಿಟ್ಟಳು. ಮೂರನೆಯ ಹನಿಯೂ ಬಿತ್ತು. ಅದನ್ನವಳು ಸೆರಗಿನಿಂದ ಒರೆಸಿದಳು.